ಸ್ನ್ಯಾಪ್‌ಶಾಟ್‌ನ ಹೆಸರು ಬದಲಿಸಿದ ಮೇಡಂ

ಕೀಬೋರ್ಡ್ ಮುಟ್ಟುವ ಮುನ್ನ ಮೇಡಂ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೇಲಕ್ಕೆ ತಳ್ಳಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಮುಂಗೈ ಮೇಲೆ ಕೆಂಪು ಗೆರೆ ಮೂಡಿರುತ್ತಿತ್ತು. ಬಳೆ ತೆಗೆದಿಡಬಾರದೇ ಎಂದು ಯಾರಾದರೂ ಕೇಳಿದರೆ, ಸರ್ವರ್ ಅಷ್ಟೇನೂ ದೊಡ್ಡ ಮನುಷ್ಯನಲ್ಲ ಎನ್ನುತ್ತಿದ್ದರು.

ಪೀಣ್ಯದಲ್ಲಿ ಅಚ್ಚುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ನಮ್ಮದು. ಗದಗದ ಕಡೆಯಿಂದ ಬಂದ ನಾನು ಗುತ್ತಿಗೆಯ ಮೇಲೆ ಸೇರಿದಾಗ, ಕಂಪ್ಯೂಟರ್ ವಿಭಾಗವೆಂದರೆ ಮೇಡಂ ಒಬ್ಬರೇ. ಅವರದು ಅಲ್ಲೇ ಪಕ್ಕದ ಹಳ್ಳಿಯ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರಬಹುದಿತ್ತು. ಆದರೆ ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವಾಗಿನ ಖುಷಿ ಅವರಿಗೆ ಬಾಡಿಗೆ ವಸೂಲಿಯಲ್ಲಿ ಸಿಗುತ್ತಿರಲಿಲ್ಲ. ನಾನು ಮೌಸ್ ಎಳೆದಾಡುತ್ತಿದ್ದರೆ, ನೆಲ ಒರೆಸ್ತಿದ್ದೀಯೇನಮ್ಮಾ ಎಂದು ಕಿಚಾಯಿಸುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಸರ್ವರ್‌ನಲ್ಲಿ ಏನನ್ನಾದರೂ ಅಳಿಸುವುದಿರಲಿ, ಹೆಸರು ಬದಲಿಸುವುದಿರಲಿ, ಟೈಪ್ ಮಾಡಿದವರು ಎಂಟರ್ ಒತ್ತುವಂತಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಪಕ್ಕದವರು ಅದನ್ನು ಗಟ್ಟಿಯಾಗಿ ಓದಿ, ಅದರಿಂದ ಏನಾಗುತ್ತದೆಂದು ಹೇಳಿ, ತಾವೇ ಒತ್ತಬೇಕು. ನಾನು ಬರುವ ಮುಂಚೆ ಇದಕ್ಕೆ ಚಹಾ ತರುವ ಅಕ್ಕನನ್ನು ಕೂರಿಸಿಕೊಂಡು ಆಕೆಗೆ ಓದಿ ಹೇಳುತ್ತಿದ್ದರಂತೆ. ಆಕೆ ಹೂಂ ಎಂದ ಮೇಲೆಯೇ ಎಂಟರ್. ನನಗೆ ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಯಂತ್ರದಿಂದ ಇಳಿದ ಅಚ್ಚಿನ ಅಳತೆ ತಪ್ಪಿತ್ತು. ಮುಂದಿನದೂ ತಪ್ಪಿತ್ತು. ಹುಡುಕಿದರೆ, ಈಚೆಗೆ ಹಾಕಿದ ಹೊಸ ಸಾಫ್ಟ್‌ವೇರ್ ಎಲ್ಲ ಗಿರಾಕಿಗಳ ಅಚ್ಚಿನ ನಕ್ಷೆಗಳನ್ನೂ ಒಂದೇ ಏಟಿಗೆ ಕೆಡಿಸಿಟ್ಟಿತ್ತು. ಬ್ಯಾಕಪ್ ಡಿಸ್ಕಿಗೆ ಹೋಗಿದ್ದವೂ ಕೆಟ್ಟವೇ. ನಮ್ಮ ಸರ್ವರ್ ದಿನಕ್ಕೊಮ್ಮೆ ತನ್ನಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಹಿಡಿದಿಡುತ್ತಿತ್ತು; ಅದೇ ಸ್ನ್ಯಾಪ್‌ಶಾಟ್. ನಕ್ಷೆಗಳು ಕೆಡುವ ಮುಂಚಿನದು ಒಂದೇ ಉಳಿದಿತ್ತು, ಎಲ್ಲಕ್ಕಿಂತ ಹಳೆಯದು. ಹಳೆಯದನ್ನು ಅಳಿಸುವ ಪ್ರೋಗ್ರಾಂ ಅಂದೇ ಊಟದ ಹೊತ್ತಿಗೆ ಅದನ್ನು ಅಳಿಸುವುದರಲ್ಲಿತ್ತು. ಆ ಪ್ರೋಗ್ರಾಂ ನಿಲ್ಲಿಸುವ ಪಾಸ್‌ವರ್ಡ್ ಇದ್ದದ್ದು ಸರ್ವರ್ ಮಾರಿದವರ ಬಳಿ. ಫೋನ್ ಮಾಡಿದರೆ, ದೂರು ದಾಖಲಿಸಿ, ನಿಮ್ಮ ಸರದಿ ಬಂದಾಗ ನೋಡುತ್ತೇವೆ ಎಂದರು. ನಕ್ಷೆಗಳು ಹೋದರೆ ಕಾರ್ಖಾನೆಗೆ ಬೀಗವೇ ಗತಿ.

ಬೇರೆ ಡಿಸ್ಕಿಗೆ ನಕಲು ಮಾಡಿ ಎಂದು ಮಾಲೀಕರು ಬಾಗಿಲಲ್ಲೇ ನಿಂತು ಒತ್ತಾಯಿಸಿದರು. ನಕಲು ಮುಗಿಯುವಾಗ ಸಂಜೆಯಾಗುತ್ತಿತ್ತು.

"ನಕಲು ಬೇಡ ಸಾರ್," ಎಂದರು ಮೇಡಂ. "ಆ ಪ್ರೋಗ್ರಾಂ ಹೆಸ್ರು ನೋಡ್ಕೊಂಡು ಅಳ್ಸೋದು. ಸ್ನ್ಯಾಪ್‌ಶಾಟ್ ಹೆಸ್ರೇ ಬದಲಾಯಿಸ್ಬಿಡ್ತೀನಿ. ಇದ್ದಲ್ಲೇ ಇರ್ತದೆ, ಅದ್ರ ಕಣ್ಣಿಗೆ ಬೀಳಲ್ಲ ಅಷ್ಟೇ."

ಬಳೆ ಮೇಲಕ್ಕೆ ಹೋಯಿತು. ‘ದಿನ’ ಎಂದು ಶುರುವಾಗುತ್ತಿದ್ದ ಹೆಸರಿನ ಬದಲು ‘ಉಳಿಸು’ ಎಂದು ಟೈಪ್ ಮಾಡಿ, ಕೈ ಮಡಿಲಿಗಿಟ್ಟು ನನ್ನ ಕಡೆ ನೋಡಿದರು. ನಾನು ಓದಿದೆ. ಎಂಟರ್ ಒತ್ತಲಿಲ್ಲ.

"ಮೇಡಂ, ಮೈನಸ್ ಆರ್ ಹಾಕಿಲ್ರಿ. ಮ್ಯಾಲಿನ ಒಂದರದಷ್ಟ ಹೆಸರು ಬದಲಾಗತೈತಿ."

ಸರ್ವರ್‌ನಲ್ಲಿ ಕಡತಗಳನ್ನಿಡುವ ಮುಖ್ಯ ಫೈಲ್ ಸಿಸ್ಟಂನ ಕೆಳಗೆ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಫೈಲ್ ಸಿಸ್ಟಂ ಇತ್ತು, ಒಂದೊಂದಕ್ಕೂ ಅದರದೇ ಸ್ನ್ಯಾಪ್‌ಶಾಟ್. ಕೆಳಗಿನವನ್ನೂ ಬದಲಿಸು ಎಂದು ಹೇಳುವ ಆ ‘ಆರ್’ ಅಕ್ಷರ ಸೇರಿಸದಿದ್ದರೆ ನಕ್ಷೆಗಳಿದ್ದ ಅವೆಲ್ಲ ಹಳೆಯ ಹೆಸರಿನಲ್ಲೇ ಉಳಿದು ಅಳಿಸಿಹೋಗುತ್ತಿದ್ದವು. ಗುತ್ತಿಗೆಯ ಹುಡುಗಿಯ ಮಾತು ಕೇಳಿಕೊಂಡು ಕೂರಬೇಡಿ, ಮೊದಲು ಒತ್ತಿ ಎಂದು ಮಾಲೀಕರು ರೇಗಿದರು.

"ಸುಮ್ನಿರಿ ಸಾರ್," ಎಂದರು ಮೇಡಂ. "ಅವ್ಳು ಹೇಳೋದೇ ಸರಿ. ನಾನು ಮರ್ತಿದ್ದೆ."

ಅಕ್ಷರ ಸೇರಿಸಿದರು. ಮತ್ತೆ ಓದಿದೆ, ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಗಿರಾಕಿಗಳ ಮುಂದೂ ‘ಉಳಿಸು’ ಕಾಣಿಸಿತು. ಊಟದ ಹೊತ್ತಿಗೆ ಆ ಪ್ರೋಗ್ರಾಂ ಬಂತು, ತನಗೆ ಬೇಕಾದ ಹೆಸರು ಸಿಗದೆ ಹೋಯಿತು. ಸಂಜೆಯೊಳಗೆ ನಕ್ಷೆಗಳೆಲ್ಲ ವಾಪಸ್ ಬಂದು ಯಂತ್ರಗಳು ತಿರುಗತೊಡಗಿದವು. ನನಗೆ ಕುಣಿಯಬೇಕೆನ್ನಿಸಿತು. ಮೇಡಂ ಶೆಡ್ಡಿನ ನಡುವೆ ನಿಂತು, ತಪ್ಪು ಮಾಡಿದ್ದು ತಾವು, ತಡೆದದ್ದು ನಾನು ಎಂದು ಕಂಡಕಂಡವರಿಗೆಲ್ಲ ಹೇಳಿದರು, ಮಾಲೀಕರಿಗೆ ಎರಡು ಸಲ.

ಮೇಡಂ ಹೋದ ವರ್ಷ ತೀರಿಕೊಂಡರು. ಅವರ ಕುರ್ಚಿಯಲ್ಲಿ ಈಗ ಕಾಯಂ ನೌಕರಿಯ ನಾನಿದ್ದೇನೆ. ಅವರನ್ನು ನೆನೆದಾಗೆಲ್ಲ ಆ ಸಂಜೆ ಮನೆಗೆ ಹೊರಡುವ ಮುಂಚಿನ ಗಳಿಗೆಯೇ ಕಣ್ಣ ಮುಂದೆ ಬರುತ್ತದೆ. ಅವರು ಮತ್ತೊಮ್ಮೆ ಕೂತು ಆ ಸ್ನ್ಯಾಪ್‌ಶಾಟ್‌ಗೆ ಇನ್ನೊಂದು ಹೆಸರು ಟೈಪ್ ಮಾಡಿ, ಓದು ಎಂದರು. ಅದು ನನ್ನ ಹೆಸರು. ಪರದೆಯನ್ನೇ ನೋಡುತ್ತ ನಿಂತೆ.

"ಇಂಗೆ ನಿಂತ್ರೆ ಹೆಂಗಮ್ಮಾ? ಗಟ್ಟಿಯಾಗಿ ಓದು. ಮಾಲೀಕ್ರಿಗೂ ಕೇಳ್ಲಿ."

ಓದಿದೆ, ಮಾಲೀಕರಿಗೆ ಕೇಳುವಷ್ಟು ಗಟ್ಟಿಯಾಗಿ.