ಸೊನ್ನೆ ಹಾಕಲು ಒಪ್ಪದ ಮೇಡಂ

ಕೋಡ್ ಓದುವಾಗ ಮೇಡಂ ಅವರ ತೋರುಬೆರಳು ಸ್ಕ್ರೀನಿನ ಮೇಲೆಯೇ ಇರುತ್ತಿತ್ತು. ಪಾಟಿಯ ಮೇಲೆ ಅಕ್ಷರ ತಿದ್ದುವ ಮಗುವಿನ ಹಾಗೆ ಒತ್ತಿ ಒತ್ತಿ ಸಾಲು ದಾಟುತ್ತಿದ್ದರು. ಸಂಜೆ ಆ ಗುರುತುಗಳನ್ನು ಸೆರಗಿನಿಂದ ಒರೆಸಿ ಯಾದಗಿರಿ ಬಸ್ಸಿಗೆ ಓಡುತ್ತಿದ್ದರು.

ಕಡೇಚೂರಿನ ಸಣ್ಣದೊಂದು ಘಟಕದಲ್ಲಿ ನಾವು ಔಷಧಿ ಕಾರ್ಖಾನೆಗಳ ಹೀಟರಿಗೆ ಕಂಟ್ರೋಲ್ ಬೋರ್ಡು ಮಾಡುತ್ತಿದ್ದೆವು. ಅದರೊಳಗಿನ ಸಿ ಭಾಷೆಯ ಪ್ರೋಗ್ರಾಂ ಮೇಡಂ ಅವರ ಜವಾಬ್ದಾರಿ. ಶಹಾಪುರದಿಂದ ಬಂದು ಸೇರಿದ ನಾನು ಕೆಲಸ ಕಲಿತದ್ದು ಅವರ ಪಕ್ಕದ ಕುರ್ಚಿಯಲ್ಲಿ. ಹತ್ತಿಕುಣಿ ಕಡೆಯ ಕುರಿ ಸಾಕುವ ಮನೆಯ ಮಗಳು ಅವರು. ಮಾತು ಕಡಿಮೆ, ಆಡಿದರೆ ನೇರ.

ಒಮ್ಮೆ ಮಾಲು ಕಳಿಸುವ ಮುನ್ನ, ಕೋಡನ್ನು ನಡೆಸದೆ ಬರೀ ಓದಿಯೇ ತಪ್ಪು ಹುಡುಕುವ ಟೂಲ್ ಹಾಕಿದೆವು. ತಾಪದ ಅಂಕಿ ಹಿಡಿದಿಡುವ ವೇರಿಯಬಲ್‌ಗಳನ್ನು ಬೆಲೆ ತುಂಬದೆಯೇ ಬಳಸಿದ್ದೀರಿ ಎಂದು ಅದು ಸಾಲು ಸಾಲು ಎಚ್ಚರಿಕೆ ಕೊಟ್ಟಿತು.

"ಎಲ್ಲಾದಕ್ಕೂ ಸೊನ್ನಿ ಹಾಕಿಬಿಡ್ರಿ ಮೇಡಂ. ಲಾರಿ ನಿಂತದ," ಅಂದರು ಮಾಲೀಕರು.

"ಅದರಾಗ ಒಂದೇ ಒಂದು ಖರೇ ಇದ್ರೂ ಸೊನ್ನಿ ಅದನ್ನ ಮುಚ್ಚಿಹಾಕ್ತದ್ರಿ. ಸೊನ್ನಿ ಡಿಗ್ರಿ ಅಂದ್ರ ಹೀಟರು ಥಂಡಿ ಅದ ಅಂತ ತಿಳಕೊಂಡು ಕಾಯ್ಕೋತ ಹೋಗ್ತದ. ನೋಡಿ ಹೇಳ್ತೀನಿ."

ಮರುದಿನದವರೆಗೆ ಒಂದೊಂದನ್ನೂ ನೋಡಿದರು. ಒಂದೂ ನಿಜವಿರಲಿಲ್ಲ. ಸೆನ್ಸರ್ ತಾಪ ಓದಿಕೊಟ್ಟರೆ ಮಾತ್ರ ಆ ಸಾಲುಗಳು ನಡೆಯುತ್ತಿದ್ದವು. ಓದುವ ಕೆಲಸ ಬೇರೆ ಫೈಲಿನಲ್ಲಿದ್ದದ್ದರಿಂದ ಟೂಲಿಗೆ ಅದು ತಿಳಿದಿರಲಿಲ್ಲ.

"ಎಲ್ಲಾ ಸುಳ್ಳೇ ಇದ್ದವಲ್ರಿ," ಮಾಲೀಕರು ಸಿಡುಕಿದರು.

"ಸುಳ್ಳು ಅಂತ ಇವತ್ತ ಗೊತ್ತಾತ್ರಿ. ನಿನ್ನಿ ಗೊತ್ತಿದ್ದಿಲ್ಲ."

ಊಟಕ್ಕೆ ಕೂತಾಗ ನಾನು ಆ ಟೂಲನ್ನು ಬಯ್ದೆ. ಮೇಡಂ ರೊಟ್ಟಿ ಮುರಿಯುತ್ತ ಹೇಳಿದರು: "ನಮ್ಮ ನಾಯಿ ಗಾಳಿಗೂ ಬೊಗಳ್ತಿತ್ತು. ಅಪ್ಪ ಒಮ್ಮೆನೂ ಅದರ ಬಾಯಿ ಕಟ್ಟಲಿಲ್ಲ. ಎದ್ದು ಕುರಿ ಸುತ್ತ ನೋಡಿ ಬಂದು ಮಲಗ್ತಿದ್ದ."

ಹೋದ ವರ್ಷ ಕಾಯಿಲೆ ಬಿದ್ದ ಮೇಡಂ ಮತ್ತೆ ಏಳಲಿಲ್ಲ. ಅವರು ಹೋದ ಮೇಲೆ ಬೋರ್ಡಿಗೆ ಬೇರೆ ಸೆನ್ಸರ್ ಬಂತು. ಟೂಲ್ ಹಳೆಯ ಸಾಲೊಂದರ ಮೇಲೆ ಮತ್ತೆ ಎಚ್ಚರಿಸಿತು. ಮೊದಲಿನ ಸುಳ್ಳೇ ಇರಬೇಕೆಂದು ಎಲ್ಲರೂ ಅಂದರು. ನಾನು ಕೂತು ಓದಿದೆ. ಸೆನ್ಸರಿನ ವೈರು ತುಂಡಾದರೂ ಅದಕ್ಕೆಂದು ಬರೆದ ಹೊಸ ಕೋಡು 'ತಾಪ ಓದಿದ್ದೇನೆ' ಎಂದೇ ಹೇಳುತ್ತಿತ್ತು. ಈ ಸಲದ ಎಚ್ಚರಿಕೆ ನಿಜವಾಗಿತ್ತು.

ವೈರು ಕಡಿದರೆ ಹೀಟರು ಆರುವಂತೆ ತಿದ್ದಿದೆ. ಆ ಸಾಲಿನ ಮೇಲೆ, ಕೋಡಿನೊಳಗೇ ಟಿಪ್ಪಣಿಯಾಗಿ, ಈ ಎಚ್ಚರಿಕೆ ಯಾಕೆ ಸುಳ್ಳು ಎಂದು ಮೇಡಂ ಅಂದು ಬರೆದಿಟ್ಟ ಎರಡು ಮಾತಿದ್ದವು. ಈಗ ಅವು ಸರಿಯಿರಲಿಲ್ಲ, ಅಳಿಸಬೇಕಿತ್ತು. ಅವರಿದ್ದರೆ ತಕ್ಷಣ ಅಳಿಸುತ್ತಿದ್ದರು. ನನಗೆ ಕೈ ಬರಲು ಬಹಳ ಹೊತ್ತು ಹಿಡಿಯಿತು.