ಪಕ್ಕದ ಸೀಟಿನ ನಿದ್ದೆ

ರೈಲಿನಲ್ಲಿ ಪಕ್ಕದವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುವುದು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಮನೆಯ ಜಗಳವನ್ನು ಇಡೀ ಬೋಗಿಗೆ ಕೇಳಿಸುವವರನ್ನು ಸಹಿಸಿಕೊಂಡಿದ್ದೇನೆ. ಕಡಲೆಕಾಯಿ ಸಿಪ್ಪೆಯನ್ನು ನನ್ನ ಚಪ್ಪಲಿಯ ಮೇಲೇ ಉದುರಿಸುವವರನ್ನು ಸಹಿಸಿಕೊಂಡಿದ್ದೇನೆ. ನನ್ನ ಪೇಪರಿನ ಹಿಂಬದಿಯನ್ನು ಎದುರು ಸೀಟಿನಿಂದ ಓದುತ್ತಾ, ನಾನು ಹಾಳೆ ಮಗುಚಲು ಹೋದರೆ ‘ಸ್ವಲ್ಪ ತಡೀರಿ’ ಎಂದವರೂ ಇದ್ದಾರೆ. ಅವರಿಗಾಗಿ ತಡೆದದ್ದೂ ಇದೆ. ಹೆಗಲಿಗೆ ಬೀಳುವ ತಲೆಯನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಅದರ ಭಾರ, ಅದರ ಎಣ್ಣೆ, ಕಿವಿಯ ಪಕ್ಕದಲ್ಲೇ ಬರುವ ಬೇರೆಯವರ ಬಿಸಿ ಉಸಿರು.

ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು ನನ್ನ ಕೆಲಸ. ರಾಬರ್ಟ್‌ಸನ್‌ಪೇಟೆಯ ಮನೆಯಿಂದ ಆಟೋ ಹಿಡಿದು ಕೋರಮಂಡಲ್ ಸ್ಟೇಷನ್ನಿಗೆ ಬಂದು ಬೆಳಗಿನ ರೈಲು ಹತ್ತುತ್ತೇನೆ, ಸಂಜೆ ಅದೇ ದಾರಿಯಲ್ಲಿ ಮರಳುತ್ತೇನೆ. ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಅರ್ಧ ಜನ ಹೀಗೆ ರೈಲಿನಲ್ಲೇ ಮುಪ್ಪಾದರು. ಮೊದಲೇ ಹತ್ತುವ ನಮಗೆ ಕಿಟಕಿ ಸೀಟು ಸಿಗುತ್ತದೆ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಎರಡು ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಅವರಿಗೆ ನಮ್ಮನ್ನು ಕಂಡರೆ ಹೊಟ್ಟೆಯುರಿ, ನಮಗೆ ಅವರನ್ನು ಕಂಡರೆ ಭಯ.

ಆ ಮನುಷ್ಯ ಬಂಗಾರಪೇಟೆಯಲ್ಲಿ ಹತ್ತುತ್ತಿದ್ದ. ಕಾಮಸಮುದ್ರದ ಆಚೆಯ ಹಳ್ಳಿಯವನು. ನಲವತ್ತು ದಾಟಿತ್ತು, ಸಣಕಲು ಮೈ, ವೈಟ್‌ಫೀಲ್ಡ್ ಕಡೆ ಕಟ್ಟುವ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಮೂವರು ಕೂತ ಸೀಟಿನ ಮುಂದೆ ನಿಂತು, “ವಸಿ ಜರುಗ್ರಿ ಸಾ, ಒಂದ್ ಪಕ್ಕ ಕೂತ್ಕಂತೀನಿ” ಎನ್ನುತ್ತಿದ್ದ. ಮೊದಲ ದಿನ ನಾನು ಕಿಟಕಿಗೆ ಒತ್ತಿ ಕೂತು ನನ್ನ ಪಕ್ಕ ಜಾಗ ಬಿಟ್ಟೆ. ಅದೇ ನಾನು ಮಾಡಿದ ತಪ್ಪು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಮರುದಿನ ನನ್ನನ್ನೇ ಹುಡುಕಿಕೊಂಡು ಬಂದ. ಅದರ ಮರುದಿನವೂ ಬಂದ. ಹೀಗೇ ನಾಲ್ಕು ವರ್ಷ ಬಂದ.

ಕೂತ ಐದು ನಿಮಿಷಕ್ಕೆ ಅವನ ತಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೂಗಿ, ಕೊನೆಗೆ ನನ್ನ ಎಡ ಹೆಗಲಿಗೆ ಬಂದು ನಿಲ್ಲುತ್ತಿತ್ತು. ನಾನು ಮಾಡದ ಉಪಾಯವಿಲ್ಲ. ಬ್ಯಾಗನ್ನು ಇಬ್ಬರ ನಡುವೆ ನಿಲ್ಲಿಸಿದೆ. ಅವನು ಬ್ಯಾಗಿನ ಮೇಲೇ ಮಲಗಿದ, ಒಳಗಿದ್ದ ಚಿತ್ರಾನ್ನ ಅಪ್ಪಚ್ಚಿಯಾಯಿತು. ಬೋಗಿ ಬದಲಿಸಿದೆ, ಮೂರನೇ ದಿನಕ್ಕೆ ಅಲ್ಲಿಗೂ ಬಂದು, “ಇಲ್ಲಿದ್ದೀರಾ ಸಾ, ಉಷಾರಿಲ್ವೇನೋ ಅಂದ್ಕಂಡಿದ್ದೆ” ಎಂದ. ಒಂದು ದಿನ ತಲೆ ಬೀಳುವ ಹೊತ್ತಿಗೆ ಸರಿಯಾಗಿ ನಾನು ಮುಂದಕ್ಕೆ ಬಾಗಿಬಿಟ್ಟೆ. ಅವನು ನನ್ನ ಬೆನ್ನಿನ ಹಿಂದಕ್ಕೆ ಉರುಳಿ ಹಲಗೆಗೆ ಹಣೆ ಬಡಿಸಿಕೊಂಡ. ಸುತ್ತಲಿದ್ದವರು ನಕ್ಕರು. ಅವನೂ ಹಣೆ ಉಜ್ಜಿಕೊಳ್ಳುತ್ತಾ ನಕ್ಕ. ಕೊನೆಗೆ ನನಗೆ ಒಗ್ಗಿದ್ದು ಮೊಣಕೈ. ತಲೆ ಬಿದ್ದ ಕೂಡಲೇ ಪಕ್ಕೆಗೆ ಒಂದು ತಿವಿತ. ಎಚ್ಚರವಾಗಿ ನೆಟ್ಟಗೆ ಕೂರುತ್ತಿದ್ದ, ಎರಡು ನಿಮಿಷಕ್ಕೆ ಮತ್ತೆ ಬೀಳುತ್ತಿದ್ದ, ಮತ್ತೆ ತಿವಿಯುತ್ತಿದ್ದೆ.

“ಮನೇಲಿ ನಿದ್ದೆ ಮಾಡೋದಿಲ್ವೇನಯ್ಯ?” ಎಂದು ಒಮ್ಮೆ ರೇಗಿದೆ.

“ಮೂರ್ ಗಂಟೆಗೆ ಏಳ್ಬೇಕು ಸಾ. ಅಸೂಗೆ ಮೇವಾಕಿ, ಆಲು ಕರ್ದು ಡೈರಿಗಾಕಿ, ಗಾಡಿ ಓಡಿಸ್ಕಂಡು ಬತ್ತೀನಿ. ನಿಮ್ ಬುಜ ಬೋ ಮೆತ್ತಗೈತೆ.”

ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ನಮ್ಮೂರಿನದೇ ಚಾಂಪಿಯನ್ ಗಣಿ ಕಡೆಯ ತಮಿಳು ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಅವನ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿದರೆ ಸಲಿಗೆ ಬೆಳೆಯುತ್ತದೆ ಎಂದು ಕೇಳಿರಲಿಲ್ಲ. ಅವನೂ ನನ್ನ ಹೆಸರು ಕೇಳಲಿಲ್ಲ, ಬರೀ ಸಾ. ಅವರೆಕಾಯಿ ಕಾಲದಲ್ಲಿ ಒಂದು ಕವರಿನ ತುಂಬ ತಂದುಕೊಟ್ಟ. ಬೇಡ ಎನ್ನಲಾಗದೆ ತೆಗೆದುಕೊಂಡೆ. ಮನೆಯಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತಾ, “ಇಷ್ಟು ಸೊಗಡು ಇರೋ ಕಾಯಿ ಪೇಟೆಯಲ್ಲಿ ಸಿಗಲ್ಲ. ಪಾಪ, ಮಲಗಿಕೊಂಡ್ರೆ ಮಲಗಿಕೊಳ್ಳಲಿ ಬಿಡಿ” ಎಂದಳು. ಅಂಗಿಯ ಎಡ ಹೆಗಲಿನ ಎಣ್ಣೆ ಕಲೆ ಉಜ್ಜುವ ದಿನ ಅವಳೇ ಬೇರೆ ಮಾತಾಡುತ್ತಿದ್ದಳು.

ಇದನ್ನೆಲ್ಲ ನಾನು ಪ್ರೆಸ್ಸಿನಲ್ಲಿ ನಗೆಚಾಟಿಕೆಯಾಗಿ ಹೇಳುತ್ತಿದ್ದೆ. ಊಟದ ಹೊತ್ತಿಗೆ ಯಾರಾದರೂ, “ಇವತ್ತು ಎಷ್ಟು ಸಲ ತಿವಿದ್ರಿ?” ಎಂದು ಕೇಳುವುದು ಮಾಮೂಲಾಗಿತ್ತು.

ಆ ದಿನ ಅವನು ಹತ್ತಿದಾಗ ಮುಖ ಬೆವೆತಿತ್ತು. ಚಳಿಗಾಲದ ಬೆಳಗ್ಗೆ ಅದು. ಓಡಿ ಬಂದಿರಬೇಕು ಅಂದುಕೊಂಡೆ. “ವಸಿ ಜರುಗ್ರಿ” ಎಂದಷ್ಟೇ ಹೇಳಿದ, ಸಾ ಎನ್ನಲಿಲ್ಲ. ನಾನು ಕಿಟಕಿಯ ಕಡೆ ಸರಿದು ಪೇಪರು ಬಿಚ್ಚಿದೆ. ಟೇಕಲ್ ಬರುವ ಮೊದಲೇ ತಲೆ ಹೆಗಲಿಗೆ ಬಿತ್ತು. ಹಿಂದಿನ ದಿನ ಪ್ರೆಸ್ಸಿನಲ್ಲಿ ಒಂದು ಪುಸ್ತಕದ ಕೆಲಸ ಕೆಟ್ಟು ಬೈಸಿಕೊಂಡಿದ್ದೆ, ಮನಸ್ಸು ಸರಿಯಿರಲಿಲ್ಲ. ಟೇಕಲ್ ದಾಟಿದ ಮೇಲೆ ಅವನ ಗಂಟಲಿನಿಂದ ಒಂದು ದನಿ ಬಂತು. ದಪ್ಪನೆಯ, ಎಳೆದಂಥ ದನಿ. ಇನ್ನು ಗೊರಕೆ ಬೇರೆ ಶುರುವಾಯಿತಲ್ಲ ಎಂದುಕೊಂಡು ಮೊಣಕೈಯಿಂದ ಜೋರಾಗಿಯೇ ತಿವಿದೆ. ದನಿ ನಿಂತಿತು. ಒಳ್ಳೆಯದಾಯಿತು ಎಂದು ಪೇಪರು ಓದಿದೆ.

ಮಾಲೂರಿನಲ್ಲಿ ಇನ್ನಷ್ಟು ಜನ ನುಗ್ಗಿದರು. ಎಲ್ಲ ಕಡೆಯಿಂದ ಒತ್ತಿದ್ದರಿಂದ ಅವನು ಕೂತ ಹಾಗೇ ಇದ್ದ. ಅಲ್ಲಿಂದ ಮುಂದೆ ತಲೆ ಎಂದಿಗಿಂತ ಭಾರ ಅನ್ನಿಸತೊಡಗಿತು. ಇನ್ನೆರಡು ಸಲ ತಿವಿದೆ. ದೇವನಗೊಂದಿ ಬರುವ ಹೊತ್ತಿಗೆ ಸಿಟ್ಟು ನೆತ್ತಿಗೇರಿ, “ಏಳಯ್ಯ, ಸಾಕು” ಎಂದು ಹೆಗಲು ಕೊಡವಿದೆ. ಅವನ ತಲೆ ಜಾರಿ ನನ್ನ ಎದೆಯ ಮೇಲೆ, ಪೇಪರಿನ ಮೇಲೆ ಬಿತ್ತು.

ಹೂವಿನ ಹೆಂಗಸು ಬಗ್ಗಿ ನೋಡಿದಳು. “ಎನ್ನ ಸಾರ್ ಇದು,” ಎಂದವಳು ತಕ್ಷಣ ಕನ್ನಡಕ್ಕೆ ಬಂದು, “ಸಾರ್, ಅವ್ರು ಬಾಯಿ ನೋಡಿ. ನಿದ್ದೆ ಇಲ್ಲ ಸಾರ್ ಅದು” ಎಂದಳು.

ಬಾಯಿ ಒಂದು ಕಡೆಗೆ ತೆರೆದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಯಾರೋ ಕೈ ಹಿಡಿದು ನೋಡಿದರು, ಯಾರೋ ನೀರು ಚಿಮುಕಿಸಿದರು, ಒಬ್ಬ ಹುಡುಗಿ ಮಲಗಿಸಿ ಎದೆ ಒತ್ತಬೇಕು ಎಂದಳು. ಮಲಗಿಸಲು ಜಾಗವಿರಲಿಲ್ಲ. ಜನರನ್ನು ಎಬ್ಬಿಸಿ, ಕಾಲು ನೀಡಿಸಿ, ಆ ಹುಡುಗಿ ಎದೆ ಒತ್ತಿದಳು. ತಲೆ ನನ್ನ ತೊಡೆಯ ಮೇಲಿತ್ತು. ಕೂದಲ ಬುಡದಲ್ಲಿ ಬಿಳಿ ಪೇಂಟಿನ ಚುಕ್ಕೆಗಳಿದ್ದವು. ಒಂದು ಕಿವಿಯ ಮೇಲೆ ಹಳೆಯ ಗಾಯದ ಗುರುತಿತ್ತು. ನಾಲ್ಕು ವರ್ಷದಲ್ಲಿ ನಾನು ಆ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ.

ವೈಟ್‌ಫೀಲ್ಡಿನಲ್ಲಿ ಇಳಿಸಿದರು, ಜೊತೆಗೆ ನಾನೂ ಇಳಿದೆ. ರೈಲಿಗೆ ಅವಸರವಿತ್ತು, ಜನಕ್ಕೂ ಇತ್ತು. ಹೂವಿನ ಹೆಂಗಸು ಕೈಮುಗಿದು ರೈಲಿನಲ್ಲೇ ಉಳಿದಳು. ರೈಲ್ವೆ ಪೊಲೀಸಿನವರು ನನ್ನನ್ನು ಕೇಳಿದರು: “ನಿಮ್ಮೋರಾ?”

“ಅಲ್ಲ,” ಎಂದೆ. ಆಮೇಲೆ, “ಗೊತ್ತಿರೋರು” ಎಂದೆ.

“ಹೆಸರೇನು?”

ಹೇಳಲು ನನ್ನ ಬಳಿ ಹೆಸರಿರಲಿಲ್ಲ. ಪೊಲೀಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವನ ಜೇಬಿಗೆ ಕೈ ಹಾಕಿದ. ಒಂದು ಬೀಡಿ ಕಟ್ಟು, ಪಾಸು, ಬಣ್ಣ ಮೆತ್ತಿದ ಫೋನು. ಪಾಸಿನಿಂದ ಹೆಸರು ಬರೆದುಕೊಂಡ. ಹತ್ತಿರದ ಆಸ್ಪತ್ರೆಗೆ ಸಾಗಿಸಿದ ಮೇಲೆ ಡಾಕ್ಟರು ಹೊರಗೆ ಬಂದು, ಹೃದಯಾಘಾತ, ಪ್ರಾಣ ಹೋಗಿ ಮುಕ್ಕಾಲು ಗಂಟೆಯ ಮೇಲಾಗಿರಬಹುದು ಎಂದರು. ನಾನು ಗಡಿಯಾರ ನೋಡಿ ಹಿಂದಕ್ಕೆ ಎಣಿಸಬಾರದು ಎಂದುಕೊಂಡೇ ಎಣಿಸಿದೆ.

ಅಷ್ಟರಲ್ಲಿ ಆ ಫೋನು ರಿಂಗಾಯಿತು. ಪೊಲೀಸು ಅದನ್ನು ನನ್ನ ಕೈಗೆ ಕೊಟ್ಟು, “ಮನೆಯವರಿರಬೇಕು, ನೀವೇ ಹೇಳಿ” ಎಂದ. ಕಿವಿಗೆ ಇಟ್ಟುಕೊಂಡೆ.

“ಊಟದ್ ಡಬ್ಬಿ ಇಲ್ಲೇ ಬುಟ್ಟೋಗಿದೀಯ ನೋಡು,” ಎಂದಿತು ಒಂದು ಹೆಣ್ಣು ದನಿ. “ಮಧ್ಯಾನ ಓಟ್ಲಾಗೆ ತಿನ್ಕೋ. ಅಸ್ಕಂಡು ಇರಬ್ಯಾಡ. ಏನಯ್ಯೋ, ಕೇಳಿಸ್ತಾ?”

ಫೋನನ್ನು ಪೊಲೀಸಿಗೆ ವಾಪಸು ಕೊಟ್ಟು ಗೋಡೆಯ ಕಡೆ ತಿರುಗಿ ನಿಂತೆ. ಪೊಲೀಸು ಹೇಳುವುದನ್ನು ಕೇಳದಿರಲು ಮೆಟ್ಟಿಲಿಳಿದು ಹೊರಗೆ ಹೋದೆ. ಮಧ್ಯಾಹ್ನ ಅವನ ಹೆಂಡತಿಯ ತಮ್ಮ ಊರಿನ ನಾಲ್ಕು ಜನರ ಜೊತೆ ಒಂದು ಟೆಂಪೋ ತಂದ. ಎಲ್ಲ ಮುಗಿಯುವವರೆಗೆ ನಾನು ಅಲ್ಲೇ ಇದ್ದೆ. ಹೊರಡುವಾಗ ಅವನು ನನ್ನ ನಂಬರು ಬರೆದುಕೊಂಡು, ಹನ್ನೊಂದನೇ ದಿನ ಬರಬೇಕೆಂದು ಕರೆದ.

ಹೋದೆ. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಕಾಮಸಮುದ್ರ, ಅಲ್ಲಿಂದ ಒಂದು ಆಟೋ. ಮುಂದೆ ಶೀಟು ಇಳಿಬಿಟ್ಟ ಸಣ್ಣ ಮನೆ, ಪಕ್ಕದಲ್ಲಿ ಹಸು. ಗೋಡೆಗೆ ತಿಳಿಹಸಿರು ಬಣ್ಣ ಹೊಡೆದಿತ್ತು, ಬಾಗಿಲ ಪಟ್ಟಿಗೆ ಬೇರೆ ಬಣ್ಣ. ಎಲ್ಲೋ ಕೆಲಸ ಮುಗಿದ ಮೇಲೆ ಉಳಿದದ್ದನ್ನು ತಂದು ಅವನೇ ಹೊಡೆದಿರಬೇಕು. ಜನ ಚಾಪೆಯ ಮೇಲೆ ಕೂತು ತೆಲುಗಿನಲ್ಲಿ, ಕನ್ನಡದಲ್ಲಿ ಮಾತಾಡುತ್ತಿದ್ದರು. ತಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, “ಅಕ್ಕ, ರೈಲ್ ಸಾರು ಬಂದವ್ರೆ” ಎಂದ.

ಆಕೆ ಎದ್ದು ಕೂತಳು. ನಾನು ನೆನೆಸಿದ್ದಕ್ಕಿಂತ ಚಿಕ್ಕ ವಯಸ್ಸು.

“ನಿಮ್ ಬಗ್ಗೆ ಬೋ ಏಳ್ತಿದ್ದ ಸಾ,” ಎಂದಳು. “ಮನೆಯಾಗೆ ಮಲಗಿದ್ರೂ ಅಂತಾ ನಿದ್ದೆ ಬರಾಕಿಲ್ಲ, ಆ ಸಾ ಪಕ್ಕ ಕೂತ್ರೆ ಒಂದ್ ಗಳಿಗೇಲಿ ಬತ್ತೈತೆ ಅಂತಿದ್ದ. ಬೇರೆಯೋರಾದ್ರೆ ಬೈತಾರೆ, ಅವ್ರು ದ್ಯಾವ್ರಂತೋರು, ಏನೂ ಅನ್ನಲ್ಲ ಅಂತಿದ್ದ.”

ನಾನು ನೆಲ ನೋಡುತ್ತಾ ಕೂತೆ. ಅವನು ಮನೆಗೆ ಬಂದು ಹಾಗೆ ಏಕೆ ಹೇಳುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ತಿವಿತಗಳು ಅವನಿಗೆ ನಿಜವಾಗಿ ಲೆಕ್ಕಕ್ಕೇ ಇರಲಿಲ್ಲವೋ, ಅಥವಾ ತನ್ನ ದಿನ ಚೆನ್ನಾಗಿತ್ತೆಂದು ಹೆಂಡತಿಗೆ ಹೇಳಬೇಕಾಗಿತ್ತೋ.

“ಕೊನೇಗೆ ಏನಾನ ಅಂದ್ನಾ ಸಾ?”

ಇಲ್ಲ, ನೆಮ್ಮದಿಯಾಗಿ ಮಲಗಿದ್ದ ಎಂದು ಹೇಳಲು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ದೇವರಂಥವರು ಎಂಬ ಮಾತು ಕೇಳಿದ ಮೇಲೆ ಅದು ಬಾಯಿಗೆ ಬರಲಿಲ್ಲ. “ಏನೂ ಅನ್ನಲಿಲ್ಲಮ್ಮ,” ಎಂದೆ. “ದಾರಿಯಲ್ಲಿ ಒಂದು ಸಲ ನರಳಿದ ಹಾಗಾಯ್ತು. ನಾನು ಗೊರಕೆ ಅಂದುಕೊಂಡೆ.”

“ಅವನು ಗೊರಕೆ ಒಡೀತಿರ್ಲಿಲ್ವಲ್ಲ ಸಾ,” ಎಂದಳು.

ಅದು ನನಗೂ ಗೊತ್ತಿತ್ತು. ನಾಲ್ಕು ವರ್ಷ ನನ್ನ ಕಿವಿಯ ಪಕ್ಕದಲ್ಲೇ ಮಲಗಿದವನು ಒಂದು ದಿನವೂ ಗೊರಕೆ ಹೊಡೆದಿರಲಿಲ್ಲ. ನಾನು ತಿವಿದದ್ದನ್ನೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹೆಂಗಸರು ಒಳಗೆ ಬಂದು ಆಕೆಯ ಪಕ್ಕ ಕೂತರು. ತಮ್ಮ ನನ್ನನ್ನು ಊಟಕ್ಕೆ ಎಬ್ಬಿಸಿದ. ಎಲೆಯ ಮುಂದೆ ಕೂತೆ. ಬಡಿಸಿದ್ದನ್ನೆಲ್ಲ ತಿಂದೆ, ಬೇಡ ಎನ್ನಲು ಧೈರ್ಯವಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

“ಆಯಮ್ಮನಿಗೆ ಯಾಕೆ ಹೇಳಿದ್ರಿ ಅದನ್ನ?” ಎಂದಳು. “ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಹೋಗಿ ಅವಳ ಎದೆ ಮೇಲೆ ಕಲ್ಲು ಹೇರಿ ಬಂದ್ರಿ. ಇನ್ನು ಅವಳು ಅದನ್ನೇ ನೆನೆಸ್ಕೊಂಡು ಕೂತ್ಕೋತಾಳೆ.”

ಸುಳ್ಳು ಹೇಳಬೇಕಿತ್ತೇ ಎಂದು ಕೇಳಿದೆ. ಅವಳು ಪಾತ್ರೆ ತೊಳೆಯಲು ಎದ್ದು ಹೋದಳು.

ಒಂದು ತಿಂಗಳ ಮೇಲೆ, ಭಾನುವಾರ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಹೇಗಿದ್ದೀರಮ್ಮ ಎಂದೆ.

“ಅವನು ನರಳಿದ್ದು ಎಲ್ಲಿ ಸಾ? ಯಾವ್ ಟೇಸನ್ನು?”

“ಟೇಕಲ್ ದಾಟಿದ ಮೇಲೆ.”

“ಅದಾದ್ಮೇಲೆ ಯಾವ್ದು ಬತ್ತೈತೆ?”

“ಮಾಲೂರು.”

“ಅಲ್ಲಿ ರೈಲು ನಿಂತಿತ್ತಾ?”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎಂದುಬಿಡಿ ಎಂಬಂತೆ ಅವಳು ತಲೆ ಆಡಿಸಿದ ಹಾಗೆ ನನಗೆ ಕಂಡಿತು. ಆದರೆ ಮಾಲೂರಿನಲ್ಲಿ ರೈಲು ನಿಲ್ಲುತ್ತದೆ ಎಂಬುದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ.

“ನಿಂತಿತ್ತಮ್ಮ,” ಎಂದೆ.

“ಮಾಲೂರಾಗೆ ಆಸ್ಪತ್ರೆ ಐತೆ,” ಎಂದಳು. “ಸರಿ ಸಾ, ಇಡ್ತೀನಿ,” ಎಂದು ಆಕೆ ಫೋನಿಟ್ಟಳು.