ಹುಣಸೆ ಬೀಜದ ಓಟು

ಈಗಲೂ ಯಾರಾದರೂ ಆ ವಕೀಲರನ್ನು ನೆನೆದು ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಗುವವರಲ್ಲಿ ಹೆಚ್ಚಿನವರು ಆ ಭಾನುವಾರ ಹೊಂಗೆ ಮರದ ಕೆಳಗೆ ಇರಲಿಲ್ಲ. ನಾನಿದ್ದೆ. ಬೀಜ ಹಾಕುವವರನ್ನು ನೋಡಿಕೊಳ್ಳಲು ನನ್ನನ್ನೇ ಕೂರಿಸಿದ್ದರು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಕಾಣದ್ದನ್ನು ಸೇರಿಸುವುದಿಲ್ಲ.

ಕನ್ನಡದ ಪ್ರಾಂತ್ಯಗಳೆಲ್ಲ ಒಂದೇ ರಾಜ್ಯವಾದ ಮೇಲೆ ಬಂದ ಮೊದಲ ಚುನಾವಣೆ ಅದು. ವಕೀಲರು ಯಾವ ಪಕ್ಷಕ್ಕೂ ಸೇರದೆ ವಿಧಾನಸಭೆಗೆ ನಿಂತಿದ್ದರು. ಮಂಡಿ ಮೊಹಲ್ಲಾದಲ್ಲಿ ಎತ್ತಿನ ಗಾಡಿಯ ಮೇಲೆ ನಿಂತು ಅವರು ಮಾಡಿದ ಭಾಷಣವನ್ನು ನಾನು ಕೇಳಿದ್ದೇನೆ. ಐದು ವರ್ಷಕ್ಕೊಮ್ಮೆ ಓಟು ಕೊಟ್ಟು ಮನೆಗೆ ಹೋಗುವುದು ಸಾಲದು ಎಂದರು. ಒಂದು ಬೀದಿಯ ಬದುಕನ್ನು ಮುಟ್ಟುವ ಆಜ್ಞೆ ಆ ಬೀದಿಯವರನ್ನು ಕೇಳದೆ ಹೊರಡಬಾರದು. ಗೆದ್ದವನು ಮುಖ ತೋರಿಸದಿದ್ದರೆ ಗೆಲ್ಲಿಸಿದವರೇ ಅವನನ್ನು ವಾಪಸು ಕರೆಸಬೇಕು. ಸರ್ಕಾರ ಮಾಡಿದ ಕೆಲಸದ ಲೆಕ್ಕವನ್ನು ಬೀದಿಯಲ್ಲಿ ನಿಂತು ಓದಿ ಹೇಳಬೇಕು.

"ದಿನಾ ಓಟು ಹಾಕ್ತಾ ಕೂತ್ರೆ ಅಂಗಡಿ ಬಾಗಿಲು ತೆಗೆಯೋರು ಯಾರು ಸ್ವಾಮಿ?" ಎಂದು ಬೆಲ್ಲದ ವ್ಯಾಪಾರಿಯೊಬ್ಬ ಕೂಗಿದ. ಎಲ್ಲರೂ ನಕ್ಕರು.

"ನಿಮ್ಮ ಅಂಗಡಿ ಮುಚ್ಚಿಸೋ ಆರ್ಡರು ಬಂದ ದಿನ ನೀವೇ ಮೊದಲು ಓಡಿ ಬರ್ತೀರಿ" ಎಂದರು ವಕೀಲರು. 

ನಮ್ಮ ತಂದೆ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕುಂಬಾರಕೊಪ್ಪಲಿನ ಅಂಚಿಗೆ ಹೊಸದಾಗಿ ಎದ್ದ ಮನೆಗಳ ಸಾಲಿನಲ್ಲಿ ನಮ್ಮದು ಕೊನೆಯದು. ಎದುರಿಗೇ ಒಬ್ಬ ಕುಂಬಾರ ಹೆಂಗಸಿನ ಆವಿಗೆ, ಮಡಕೆ ಸುಡುವ ಜಾಗ. ಗಂಡ ತೀರಿಹೋಗಿದ್ದ. ಮಗ ತಿಗರಿ ತಿರುಗಿಸುತ್ತಿದ್ದ. ತಟ್ಟುವುದು, ಒಣಗಿಸುವುದು, ಸುಡುವುದು ಆಕೆಯ ಕೆಲಸ. ಆ ಜಾಗ ಬಿಟ್ಟರೆ ಆಕೆಗೆ ಬೇರೆ ಜಾಗವಿರಲಿಲ್ಲ.

ತಂದೆಗೆ ಉಬ್ಬಸ. ಆವಿಗೆ ಹೊತ್ತಿದ ದಿನ ಕಿಟಕಿ ಮುಚ್ಚಿಕೊಂಡು, ಗೋಡೆಗೆ ಒರಗಿ ಕೂತು, ಒಂದೊಂದು ಉಸಿರನ್ನೂ ಹಗ್ಗದಿಂದ ಸೇದಿದ ಹಾಗೆ ಎಳೆಯುತ್ತಿದ್ದರು. ಅದು ಸುಳ್ಳಲ್ಲ. ಪಕ್ಕದಲ್ಲಿ ಬಿಸಿನೀರು ಹಿಡಿದು ನಿಲ್ಲುತ್ತಿದ್ದವಳು ನಾನು.

ವಕೀಲರು ನಮ್ಮ ಸಾಲಿಗೂ ಬಂದರು. "ನಾನು ಹೇಳೋದು ಆಗೋ ಮಾತೇ ಅಂತ ಎಲ್ಲರೂ ಕೇಳ್ತಾರೆ. ಇಲ್ಲೇ ಒಂದು ಸಲ ಮಾಡಿ ತೋರಿಸ್ತೀನಿ. ಏನು ಕೇಳೋಣ ಹೇಳಿ. ಜನ ಹೇಳಿದ್ದನ್ನ ಮುನಿಸಿಪಾಲಿಟೀಲಿ ಮಾಡಿಸೋ ಜವಾಬ್ದಾರಿ ನನ್ನದು" ಎಂದರು. ತಂದೆ ಎದ್ದು ನಿಂತು, "ಎದುರಿನ ಆವಿಗೆ ಇರಬೇಕೋ ತೆಗೀಬೇಕೋ, ಅದನ್ನೇ ಕೇಳಿ" ಎಂದರು. ವಕೀಲರು ಆವಿಗೆಯ ಕಡೆ ತಿರುಗಿ ನೋಡಿ, ಆಗಲಿ ಎಂದರು. ಕೊಟ್ಟ ಮಾತು ಅವರನ್ನೇ ಕಟ್ಟಿಹಾಕಿತ್ತು.

ಓಟು ಹಾಕಲು ಪೆಟ್ಟಿಗೆಯಾದರೆ ಬೀಗ ತೆಗೆದು ಮತ್ತೆ ಹಾಕಬಹುದು. ಮಣ್ಣಿನ ಹುಂಡಿ ಹಾಗಲ್ಲ. ಮಕ್ಕಳು ಕಾಸು ಕೂಡಿಡುವ ಆ ಹುಂಡಿಯನ್ನು ಒಡೆಯದೆ ಒಳಗಿನದನ್ನು ತೆಗೆಯಲಾಗುವುದಿಲ್ಲ. ಅದಕ್ಕೇ ವಕೀಲರು ಹುಂಡಿಯನ್ನು ಆರಿಸಿದ್ದು. ಎರಡು ದೊಡ್ಡ ಹುಂಡಿ ಬೇಕೆಂದು ಎದುರಿನ ಕುಂಬಾರ ಹೆಂಗಸನ್ನೇ ಕೇಳಿದರು.

"ಏನ್ ಹಾಕ್ತೀರಿ ಸ್ವಾಮಿ ಇದ್ರೊಳಕ್ಕೆ?"

"ಹುಣಸೆ ಬೀಜ. ಆಳಿಗೆ ಒಂದು. ನಿನ್ನ ಆವಿಗೆ ಇರಲಿ ಅನ್ನೋರು ಒಂದಕ್ಕೆ, ಬೇಡ ಅನ್ನೋರು ಇನ್ನೊಂದಕ್ಕೆ. ನಿನ್ನ ಹತ್ತಿರ ಮುಚ್ಚಿಡಲ್ಲ ತಾಯಿ."

ಆಕೆ ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿ ಉದುರಿಸಿದಳು. "ನನ್ನ ಕೈಲೇ ನನಗೆ ಗುಂಡಿ ತೋಡುಸ್ತೀರ. ಆಗ್ಲಿ ಬುಡಿ. ಬಾಯಿ ಅಗಲವಾಗಿ ಕೊಯ್ಸಿ ಕೊಡ್ತೀನಿ. ಕೊನೆಗೆ ಬೀಜ ಸಿಕ್ಕಾಕಂತು ಅನ್ಬ್ಯಾಡಿ."

ಆ ಓಟನ್ನು ಭಾನುವಾರ ಇಟ್ಟದ್ದು ವಕೀಲರ ತಪ್ಪು. ಕಚೇರಿಯವರಿಗೆ, ಕೋರ್ಟಿನವರಿಗೆ ಅದು ರಜೆ. ಕುಂಬಾರರಿಗೆ ವ್ಯಾಪಾರದ ದಿನ. ಕೊಪ್ಪಲಿನ ಗಂಡಸರು ಬೆಳಿಗ್ಗೆಯೇ ಮಡಕೆ ಗಾಡಿ ಹೊಡೆದುಕೊಂಡು ಮಾರುಕಟ್ಟೆಗೆ ಹೋಗಿದ್ದರು. ಉಳಿದ ಹೆಂಗಸರಲ್ಲಿ ಕೆಲವರು ಬಂದರು. ಕೆಲವರು ದೂರದಲ್ಲೇ ನಿಂತು ನೋಡಿ ಹೋದರು. ನಮ್ಮ ಸಾಲಿನವರು ಮನೆಮಂದಿಯೊಂದಿಗೆ ಬಂದರು. ಹೊಗೆಯೇ ತಲುಪದ ಹಿಂದಿನ ಬೀದಿಗಳವರೂ ಒಗೆದ ಪಂಚೆ ಉಟ್ಟು, ಹಬ್ಬಕ್ಕೆ ಬಂದ ಹಾಗೆ ಬಂದರು. ಹೊಂಗೆ ಮರದ ಕೆಳಗೆ ಇಟ್ಟಿದ್ದ ಹುಂಡಿಗಳಲ್ಲಿ ಇರಲಿ ಎನ್ನುವುದಕ್ಕೆ ಸುಣ್ಣದ ಬೊಟ್ಟು, ಬೇಡ ಎನ್ನುವುದಕ್ಕೆ ಕೆಮ್ಮಣ್ಣಿನ ಬೊಟ್ಟು. ನನ್ನ ಬೀಜವನ್ನು ನಾನು ಸುಣ್ಣದ್ದಕ್ಕೆ ಹಾಕಿದೆ. ತಂದೆ ಕೆಮ್ಮಣ್ಣಿನದಕ್ಕೆ ಹಾಕಿದರು. ಇಬ್ಬರೂ ಮುಚ್ಚಿಡಲಿಲ್ಲ.

ಒಡೆಯುವ ಹೊತ್ತಿಗೆ ಆಕೆ ಮುಂದೆ ಬಂದು, "ಕಲ್ಲು ಇತ್ತ ಕೊಡಿ, ನಾನೇ ಒಡೀತೀನಿ" ಎಂದಳು. ಎರಡೇ ಏಟು. ಬೀಜಗಳನ್ನು ಚಾಪೆಯ ಮೇಲೆ ಗುಡ್ಡೆ ಮಾಡಿದೆವು. ಎಣಿಸುವ ಅಗತ್ಯವೇ ಇರಲಿಲ್ಲ; ಆದರೂ ಎಣಿಸಿದೆ. ಆವಿಗೆ ಸೋತಿತ್ತು. ನಮ್ಮ ಸಾಲಿನವರು ಚಪ್ಪಾಳೆ ತಟ್ಟಿದರು. 

ಆಕೆ ಕೂತು ಒಡೆದ ಚೂರುಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. "ಅದು ಯಾಕಮ್ಮ?" ಎಂದರು ವಕೀಲರು.

"ಆವಿಗೆ ಮೇಲೆ ಮುಚ್ಚಕ್ಕೆ ಚೂರು ಬೇಕಲ್ರಾ. ನಾಳಿಕ್ಕೇ ಬೆಂಕಿ ಇಕ್ತೀನಿ."

ಹೇಳಿದಂತೆ ಮಾರನೆಯ ಬೆಳಿಗ್ಗೆ ಬೆಂಕಿ ಇಟ್ಟಳು. ನಮ್ಮ ಸಾಲಿನ ಯಜಮಾನರುಗಳು ವಕೀಲರನ್ನು ಕರೆತಂದು ಹೊಗೆಯ ಎದುರಿಗೆ ನಿಲ್ಲಿಸಿದರು. "ರೂಲು ನೀವೇ ಮಾಡಿದ್ದು. ಈಗ ಮುನಿಸಿಪಾಲಿಟಿಗೆ ನಡೀರಿ" ಎಂದರು ಮೊದಲ ಮನೆಯವರು.

ಗಂಡಸರ ಗುಂಪಿನ ಎದುರು ನಾನು ಅದುವರೆಗೆ ಮಾತಾಡಿದವಳಲ್ಲ. "ಹುಂಡಿ ಪಕ್ಕ ಕೂತಿದ್ದೋಳು ನಾನು. ಈ ಹೊಗೆ ವಾಸನೇನೇ ಇಲ್ಲದ ಬೀದಿಯೋರು ಬಂದು ಬೀಜ ಹಾಕಿ ಹೋದ್ರು. ಕೊಪ್ಪಲಿನ ಗಂಡಸರು ಮಾರ್ಕೆಟ್ಟಲ್ಲಿದ್ರು. ಎಣಿಕೆ ಸರಿಯಾಗಿದೆ. ಕೇಳಿದ್ದು ಸರಿಯಾಗಿಲ್ಲ" ಎಂದೆ.

"ನಿಮ್ಮಪ್ಪನ ಉಬ್ಬಸಕ್ಕೇ ಅಲ್ವೇನಮ್ಮ ಇಷ್ಟೆಲ್ಲ?" ಎಂದರು ಮೊದಲ ಮನೆಯವರೇ.

"ನಮ್ಮಪ್ಪನ ಉಬ್ಬಸ ನಮ್ಮ ಮನೇದು. ಅದನ್ನ ತೋರಿಸಿ ಯಾರೂ ಅವರ ಒಲೆ ಆರಿಸೋದು ಬೇಡ."

ವಕೀಲರ ಕಣ್ಣಲ್ಲಿ ಹೊಗೆಗೆ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಇವರು ಹೇಳೋದು ನಿಜ. ಜನರನ್ನ ಕೇಳಬೇಕು ಅಂದೆ. ಹತ್ತು ಜನ ಸೇರಿ ಒಬ್ಬರ ಅನ್ನ ಕಿತ್ಕೋಬಾರದು ಅಂತ ಸೇರಿಸಿರಲಿಲ್ಲ. ಈಗ ಸೇರಿಸ್ತೀನಿ. ಮುನಿಸಿಪಾಲಿಟಿಗೆ ನಾನು ಬರಲ್ಲ" ಎಂದರು.

"ಹಾಗಾದ್ರೆ ನಮ್ಮ ಓಟು ನಿಮಗಿಲ್ಲ."

"ಬೇಡ."

ಆ ದಿನದಿಂದ ನಮ್ಮ ಸಾಲು ಅವರನ್ನು ಬಿಟ್ಟಿತು. ಅವರು ತಮ್ಮ ಯೋಜನೆಯನ್ನು ಬಿಡಲಿಲ್ಲ. ಎಲ್ಲ ಸಭೆಯಲ್ಲೂ ಅದನ್ನೇ ಹೇಳಿದರು. ಭಾಷಣದ ಕೊನೆಗೆ ಈ ಹೊಸ ಮಾತನ್ನೂ, ಅದು ಹೇಗೆ ಬಂತೆಂಬುದನ್ನೂ ಹೇಳಿದರು. ಜನ ಕಡಿಮೆಯಾಗುತ್ತ ಹೋದರು.

ಅದೇ ವಾರ ಕುಂಬಾರ ಹೆಂಗಸು ನಮ್ಮ ಬಾಗಿಲಿಗೆ ಬಂದಳು. "ಅಯ್ನೋರೆ, ಬೆಂಕಿ ಇಕ್ಕೋ ಹಿಂದಿನ ದಿನ ಹೇಳಿ ಕಳುಸ್ತೀನಿ. ಜಟಕಾ ಮಾಡ್ಕಂಡು ಬನ್ನಿಮಂಟಪದ ಮೈದಾನಕ್ಕೋಗಿ ಗಾಳಿ ಕುಡ್ಕಂಡು ಬನ್ನಿ."

"ನನ್ನ ಮನೆಯಿಂದ ನನ್ನನ್ನೇ ಓಡಿಸ್ತೀಯಲ್ಲೇ" ಎಂದರು ತಂದೆ.

"ನೀವು ನನ್ನನ್ನ ಊರಿಂದ್ಲೇ ಓಡುಸ್ತಿದ್ರಿ. ನಾನು ಸಂಜೀಕೆ ವಾಪಸು ಕರೀತೀನಿ ಬುಡಿ."

ತಂದೆ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಆದರೆ ಮುಂದೆ ಹಾಗೆಯೇ ಹೋಗುತ್ತಿದ್ದರು.

ಚುನಾವಣೆಯ ದಿನ ಸರದಿಯಲ್ಲಿ ಆಕೆ ನನ್ನ ಮುಂದೆ ನಿಂತಿದ್ದಳು. ಆಗೆಲ್ಲ ಒಬ್ಬೊಬ್ಬ ಅಭ್ಯರ್ಥಿಗೆ ಅವರ ಗುರುತು ಅಂಟಿಸಿದ ಒಂದೊಂದು ತಗಡಿನ ಪೆಟ್ಟಿಗೆ. "ನನ್ನ ಆವಿಗೆಗೆ ಓಟು ಮಾಡ್ಸಿದ್ರಲ್ಲ, ಆ ವಕೀಲ್ರ ಡಬ್ಬ ಯಾವ್ದು?" ಎಂದು ಗಟ್ಟಿಯಾಗಿ ಕೇಳಿದಳು. ಅಧಿಕಾರಿ ಬೆರಳೆತ್ತಿ ಗದರಿದರು. ನಮ್ಮ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಹೊರಗೆ ಬಂದು ನನಗೆ ಹೇಳಿದಳು: "ಅವರಿಗೇ ಹಾಕ್ದೆ ಕಣವ್ವ. ಮಿಕ್ಕೋರು ನನ್ನನ್ನ ಕೇಳ್ದೇನೇ ಎಬ್ಬುಸ್ತಾರೆ. ಇವರು ಕೇಳಿ ಎಬ್ಬುಸ್ತಾರೆ. ಕೇಳಿದಾಗ ಆಗಲ್ಲ ಅನ್ಬೌದು."

ನಾನೂ ಅವರಿಗೇ ಹಾಕಿದ್ದೆ. ವಕೀಲರು ಸೋತರು. ಸುದ್ದಿ ಬಂದ ದಿನ ಎದುರಿಗೆ ಹೊಗೆ ಏಳುತ್ತಿತ್ತು. ನಾನು ಕಿಟಕಿ ತೆರೆದೇ ಇಟ್ಟೆ.